ಬಲಗೈಯ ನೂಲು

ಊದ್ ಮೇಥಾ, ದುಬೈ
15 ನವೆಂಬರ್ 2025

ಕೀರ್ತನನ ಅಪ್ಪನಿಗೆ,

ಫೋನ್ ಮಾಡಿದರೆ ಮಗನ ಹೆಸರು ಬಂದ ಕೂಡಲೇ ಕಟ್ ಮಾಡುತ್ತೀರಿ. ಕಾಗದವನ್ನು ಕಟ್ ಮಾಡಲಿಕ್ಕೆ ಬರುವುದಿಲ್ಲ, ಹರಿಯಬಹುದು ಅಷ್ಟೆ. ಹರಿಯುವ ಮೊದಲು ಓದಿ. ಮಲ್ಲಿಗೆ ವ್ಯಾನಿನ ಶುಕೂರ್ ದಿನಾ ಬೆಳಿಗ್ಗೆ ಇಲ್ಲಿಂದ ಅಬುಧಾಬಿಗೆ ಹೂ ಕೊಂಡುಹೋಗುತ್ತಾನಲ್ಲ, ಅವನ ಕೈಯಲ್ಲಿ ಕೊಡುತ್ತಿದ್ದೇನೆ. ಹಿಂದೆ ನೀವು ಇಲ್ಲಿ, ನಾನು ಊರಿನಲ್ಲಿ ಇದ್ದಾಗ ಒಂದು ಕಾಗದಕ್ಕೆ ಹದಿನೈದು ದಿನ ಬೇಕಿತ್ತು. ಈಗ ಒಂದೂವರೆ ಗಂಟೆಯ ದಾರಿ. ಆದರೂ ದೂರವಾದದ್ದು ಈಗಲೇ.

ಮೊದಲು ಒಪ್ಪಂದವನ್ನು ಬರೆದುಬಿಡುತ್ತೇನೆ. ಆಮೇಲೆ ನಾನು ಹಾಗೆ ಹೇಳಲೇ ಇಲ್ಲ ಅನ್ನುವುದು ಬೇಡ. ಅವನು ನಿಮ್ಮ ಕಂಪನಿಯ ಕೆಲಸ ಬಿಟ್ಟ ದಿನ ನೀವು ಅವನ ಬ್ಯಾಗನ್ನು ಕಾರಿಡಾರಿಗೆ ಎಸೆದಿರಿ. ನಾನು ಅದನ್ನು ಎತ್ತಿಕೊಂಡು ಅವನ ಜೊತೆ ಲಿಫ್ಟ್ ಹತ್ತಿದೆ. ನೀವು ಲಿಫ್ಟಿನ ಬಾಗಿಲನ್ನು ಕಾಲಲ್ಲಿ ತಡೆದು ನಿಂತು ಹೇಳಿದ ಮಾತು ಇದು: "ಬೇಸ್‌ಬಾಲ್ ಅಂತೆ, ಬೇಸ್‌ಬಾಲ್! ಆರು ಮ್ಯಾಚ್ ಆಗ್ಲಿ. ಆಮೇಲೂ ಇವ ಟೀಮಲ್ಲಿ ಇದ್ರೆ ಏಳನೇದಕ್ಕೆ ನಾನೇ ಬರ್ತೇನೆ, ಇವ ಆಡುದನ್ನು ನೋಡಿ ನಿನ್ನನ್ನು ಮನೆಗೆ ಕರ್ಕೊಂಡು ಬರ್ತೇನೆ. ಇಲ್ಲದಿದ್ರೆ ಇಬ್ರೂ ಬಾಯಿಮುಚ್ಚಿ ವಾಪಸ್ ಬರ್ಬೇಕು. ಇವ ನಾನು ತೋರಿಸಿದ ಕುರ್ಚಿಯಲ್ಲಿ ಕೂರ್ಬೇಕು." ನಾನು ಆಗಲಿ ಅಂದೆ. ಆರು ಪಂದ್ಯ ಮುಗಿದ ಮೇಲೆ ಕೋಚ್ ನಾಲ್ಕು ಹುಡುಗರನ್ನು ತಂಡದಿಂದ ಬಿಡುತ್ತಾನೆ. ಆ ನಾಲ್ವರಲ್ಲಿ ನಮ್ಮವನು ಇರಬಾರದು, ಅಷ್ಟೇ ನನ್ನ ಪ್ರಾರ್ಥನೆ.

ನಿನ್ನೆ ಮೊದಲ ಪಂದ್ಯ. ನಮ್ಮ ತಂಡದ ಹೆಸರು ದುಬೈ ಡ್ಯೂನ್ಸ್. ಮಸ್ಕತ್ತಿನವರ ಎದುರು ಐದು-ಮೂರರಲ್ಲಿ ಗೆದ್ದೆವು. ಮಗಳು ನಿಖಿತಾ ಆಫೀಸಿನಿಂದ ನೇರ ಬಂದು ನನ್ನನ್ನು ಕರೆದುಕೊಂಡು ಹೋದಳು. ಆಟ ನನಗೆ ಪೂರ್ತಿ ತಲೆಗೆ ಹೋಗಲಿಲ್ಲ. ಬಾಲ್ ಹಾಕುವವನು ಓಡಿ ಬರುವುದೇ ಇಲ್ಲ. ಸಣ್ಣ ಮಣ್ಣಿನ ದಿಬ್ಬದ ಮೇಲೆ ನಿಂತು, ಕಾಲೆತ್ತಿ, ಬಿಸಾಡುತ್ತಾನೆ. ಹೌದು, ಬಿಸಾಡುತ್ತಾನೆ. ಇಲ್ಲಿ ಅದಕ್ಕೆ ಯಾರೂ ಕೈ ಚಾಚಿ ನೋಬಾಲ್ ಕೊಡುವುದಿಲ್ಲ. ಬ್ಯಾಟಿನವನು ಹೊಡೆದ ಮೇಲೆ ಬ್ಯಾಟನ್ನು ಅಲ್ಲೇ ಬಿಟ್ಟು ಓಡಬೇಕು. ಯಾರಾದರೂ ಎತ್ತಿಕೊಂಡು ಹೋದರೆ ಅಂತ ನನಗೆ ಒಂದೇ ಚಿಂತೆ. ಪಕ್ಕದಲ್ಲಿ ಕೂತ ಫಿಲಿಪೀನಿ ಹೆಂಗಸು ನಕ್ಕು ಪಾಪ್‌ಕಾರ್ನ್ ಕೊಟ್ಟಳು. ಅವಳ ತಮ್ಮನೂ ಇದೇ ತಂಡದಲ್ಲಿದ್ದಾನಂತೆ.

ಮಗ ಆರೋಗ್ಯವಾಗಿದ್ದಾನೆ. ಹಸಿರು ಅಂಗಿ ಅವನಿಗೆ ಒಪ್ಪುತ್ತದೆ.

ಫ್ರಿಜ್ಜಿನ ಮೇಲಿನ ತಟ್ಟೆಯಲ್ಲಿ ಮೀನಿನ ಮಸಾಲೆ ಅರೆದು ಇಟ್ಟಿದ್ದೇನೆ. ಒದ್ದೆ ಚಮಚ ಹಾಕಬೇಡಿ.

ಚಂದ್ರಮತಿ


ಹಮ್ದಾನ್ ಸ್ಟ್ರೀಟ್, ಅಬುಧಾಬಿ
18 ನವೆಂಬರ್ 2025

ಚಂದ್ರಮತಿಗೆ,

ಕಾಗದ ಸಿಕ್ಕಿತು. ಆಫೀಸಿನಲ್ಲೇ ತಂದುಕೊಟ್ಟ ಆ ಪುಣ್ಯಾತ್ಮ. ಮಲ್ಲಿಗೆ ಪರಿಮಳ ಇಡೀ ಹಾಲಿಗೆ ಹರಡಿ ಎಲ್ಲರೂ ತಿರುಗಿ ನೋಡಿದರು. ಐವತ್ತೆಂಟರ ಮುದುಕನಿಗೆ ಯಾವಳು ಬರೆದಳೋ ಅಂತ ಎಣಿಸಿರಬೇಕು.

ನೀನು ಬರೆದದ್ದರಲ್ಲಿ ಫಿಲಿಪೀನಿ ಹೆಂಗಸು ಇದ್ದಾಳೆ, ಪಾಪ್‌ಕಾರ್ನ್ ಉಂಟು, ಯಾರೂ ಕದಿಯದ ಬ್ಯಾಟ್ ಉಂಟು. ಮಗ ಎಲ್ಲಿ? ಹಸಿರು ಅಂಗಿ ಹಾಕಿಕೊಂಡು ಅವನು ಎಂತ ಮಾಡಿದ? ನೀರಿನ ಬಾಟ್ಲಿ ಹೊತ್ತನಾ?

ನೋಬಾಲಿನ ಕೊಂಕು ಅರ್ಥವಾಯಿತು. ಅದಕ್ಕೆ ಉತ್ತರ ಕೊಡುವುದಿಲ್ಲ.

ಈ ಕಂಪನಿಗೆ ಸೇರಿದಾಗಿನಿಂದ ನಾನು ಯಾರ ಹತ್ತಿರವೂ ಕೈ ಚಾಚಿದವನಲ್ಲ. ಒಂದೇ ಒಂದು ಸಲ ಕಂಪನಿಯ ದೊಡ್ಡ ಸಾಹೇಬರು, ನಮ್ಮ ಮುದೀರ್ ಎದುರು ನಿಂತು ಕೇಳಿದೆ, ಮಗನಿಗೊಂದು ಕುರ್ಚಿ ಕೊಡಿ ಅಂತ. ಕೊಟ್ಟರು. ಐದು ತಿಂಗಳಿಗೆ ಎದ್ದು ಹೋದ. ಈಗ ಮುದೀರ್ ಎಲ್ಲರ ಎದುರು, "ಸೇಸಪ್ಪ, ಹೌ ಈಸ್ ಯುವರ್ ಸೂಪರ್‌ಸ್ಟಾರ್?" ಅನ್ನುತ್ತಾರೆ. ಸುತ್ತ ಇದ್ದವರು ನಗುತ್ತಾರೆ. ನಾನೂ ನಗಬೇಕಾಗುತ್ತದೆ. ಆ ಕುರ್ಚಿ ಇನ್ನೂ ಖಾಲಿಯೇ ಉಂಟು, ಡಿಸೆಂಬರ್ ಮುಗಿಯುವವರೆಗೆ ಇಡುತ್ತೇನೆ ಅಂದಿದ್ದಾರೆ.

ಒಪ್ಪಂದ ಮರೆತಿಲ್ಲ. ಮಾತು ಕೊಟ್ಟು ತಪ್ಪುವವ ನಾನಲ್ಲ, ಅದು ನಿನಗೂ ಗೊತ್ತುಂಟು.

ಮಸಾಲೆ ಮುಗಿದು ವಾರವಾಯಿತು.

ಸೇಸಪ್ಪ


ಊದ್ ಮೇಥಾ
23 ನವೆಂಬರ್ 2025

ಕೀರ್ತನನ ಅಪ್ಪನಿಗೆ,

ಶುಕೂರನ ಹತ್ತಿರ ಮಸಾಲೆಯ ಡಬ್ಬಿ ಕೊಟ್ಟಿದ್ದೇನೆ. ಹೂವಿನಿಂದ ದೂರ ಇಡು ಮಾರಾಯ ಅಂತ ಹೇಳಿದರೆ, "ಎಂತ ಚಂದ್ರಕ್ಕ, ಈ ಹೂವಿಗೆ ಬಂಗುಡೆ ವಾಸನೆ ಬಂದ್ರೆ ಅಬುಧಾಬಿ ಹೆಂಗಸ್ರು ನನ್ನನ್ನು ಸುಮ್ನೆ ಬಿಡ್ತಾರಾ?" ಅಂದ.

ಮೊನ್ನೆ ಶುಕ್ರವಾರ ದೋಹಾದವರು ನಮ್ಮನ್ನು ಒಂಬತ್ತು-ಎರಡರಲ್ಲಿ ಚಚ್ಚಿ ಹಾಕಿದರು. ನಿನ್ನೆ ಮನಾಮಾದವರ ಎದುರು ಒಂದೇ ರನ್ನಿನಲ್ಲಿ ಸೋತೆವು.

ಮಗ ಎಲ್ಲಿ ಅಂತ ಕೇಳಿದಿರಿ. ಬೆಂಚಿನಲ್ಲಿ. ಮೂರು ಪಂದ್ಯದಲ್ಲೂ ಬೆಂಚಿನಲ್ಲೇ. ಮೈದಾನದ ಅಂಚಿನಲ್ಲಿ ಬೇಲಿಯ ಒಳಗೆ ಬಾಲ್ ಹಾಕಿ ಹಾಕಿ ಕೈ ಬಿಸಿಮಾಡಿಕೊಳ್ಳುತ್ತಾನೆ, ಯಾರೂ ಕರೆಯುವುದಿಲ್ಲ, ಬಂದು ಕೂರುತ್ತಾನೆ. ಪಂದ್ಯ ಮುಗಿದ ಮೇಲೆ ಅಲ್ ಕೂಜ್‌ನ ರೂಮಿಗೆ ಹೋಗುತ್ತಾನೆ. ಅಲ್ಲಿ ಆರು ಜನ. ಅಕ್ಕನ ಮನೆಗೆ ಬಾ ಅಂದರೆ ಬರುವುದಿಲ್ಲ. "ಬರಿ ಕೈಯಲ್ಲಿ ಭಾವನ ಮನೆಯಲ್ಲಿ ಉಣ್ಲಿಕ್ಕೆ ನಾಚಿಕೆ ಆಗ್ತದೆ ಅಮ್ಮ" ಅಂತಾನೆ. ಈ ಹಠ ಯಾರದ್ದು ಅಂತ ನಾನು ಹೇಳಬೇಕಾಗಿಲ್ಲ.

ನೋಬಾಲಿಗೆ ಉತ್ತರ ಕೊಡುವುದಿಲ್ಲ ಅಂದಿರಿ. ನಾನು ಬಿಡುವುದಿಲ್ಲ. ಕಳೆದ ವರ್ಷ ಇಲ್ಲಿನ ನಮ್ಮ ಊರಿನವರ ಬಳಗದ ಕ್ರಿಕೆಟ್ ಟೂರ್ನಮೆಂಟಿನಲ್ಲಿ ಬಿಳಿ ಕೋಟು ಹಾಕಿ ಅಂಪೈರ್ ಆಗಿ ನಿಂತವರು ನೀವು. ಬಾಲ್ ಹಾಕಿದವನು ನಿಮ್ಮ ಮಗ. ಮೊಣಕೈ ಮಡಚಿ ಬಿಸಾಡುತ್ತಾನೆ ಅಂತ ಮೂರು ಸಲ ಕೈ ಚಾಚಿದಿರಿ. ಮೂರನೆಯದಕ್ಕೆ ಇನ್ನು ಬಾಲ್ ಹಾಕಬೇಡ ಅಂದಿರಿ. ಊರಿನವರೆಲ್ಲ, "ಸೇಸಪ್ಪಣ್ಣನ ಮಗ ಮಾವಿನಕಾಯಿಗೆ ಕಲ್ಲು ಬಿಸಾಡುದು" ಅಂತ ಬಿದ್ದು ಬಿದ್ದು ನಕ್ಕರು. ಅವನು ಒಂದು ಮಾತೂ ಆಡದೆ ಬಾಲನ್ನು ನಿಮ್ಮ ಕೈಗೆ ಕೊಟ್ಟು ಹೊರಗೆ ನಡೆದ. ಅಲ್ಲೇ ನಿಂತು ನೋಡುತ್ತಿದ್ದ ಡ್ಯೂನ್ಸಿನ ಕೋಚ್ ಒಬ್ಬ ಗೇಟಿನ ಹತ್ತಿರ ಬಂದು, ಈ ಕೈ ನಮಗೆ ಬೇಕು ಅಂದ. ನೀವು ಬೇಡ ಅಂದ ಕೈಯನ್ನು ಇನ್ನೊಬ್ಬ ಬೇಕು ಅಂದರೆ ಹುಡುಗ ಯಾರ ಹಿಂದೆ ಹೋಗುತ್ತಾನೆ?

ಚಂದ್ರಮತಿ


ಹಮ್ದಾನ್ ಸ್ಟ್ರೀಟ್
26 ನವೆಂಬರ್ 2025

ಚಂದ್ರಮತಿಗೆ,

ಬಿಳಿ ಕೋಟು ಹಾಕಿದ ಮೇಲೆ ಮಗ ಇಲ್ಲ, ಭಾವ ಇಲ್ಲ. ಮೊಣಕೈ ಮಡಚುತ್ತಿತ್ತು, ಕೈ ಚಾಚಿದೆ. ಬೇರೆಯವರ ಮಗನಿಗೆ ನೋಬಾಲ್ ಕೊಟ್ಟು ನನ್ನ ಮಗನದ್ದನ್ನು ನುಂಗಿಕೊಂಡಿದ್ದರೆ ನಾನು ಆ ಊರಿನವರ ಎದುರು ಯಾವ ಮುಖ ಹೊತ್ತು ತಿರುಗಲಿ?

ಅವನಿಗೆ ಐದು ವರ್ಷ ಆಗಿದ್ದಾಗ ಕಾರ್ನಿಶ್‌ನ ಹುಲ್ಲಿನಲ್ಲಿ ಆಡಿಸಲಿಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಔಟ್ ಅಂದರೆ ಅಳುತ್ತಿದ್ದ. ಆಗಲೇ ಕಲಿಸಿದ್ದು: ಅಂಪೈರ್ ಹೇಳಿದ ಮೇಲೆ ಮಾತಿಲ್ಲ. ತಪ್ಪು ಹೇಳಿದರೂ ಮಾತಿಲ್ಲ, ತಲೆ ತಗ್ಗಿಸಿ ನಡಿ ಅಂತ. ಅದೊಂದನ್ನು ಅವನು ಕಲಿತ. ಬಾಕಿ ಯಾವುದನ್ನೂ ಕಲಿಯಲಿಲ್ಲ.

ಆರು ಜನರ ರೂಮು ಅಂತ ನನಗೆ ಹೇಳಿ ಪ್ರಯೋಜನ ಇಲ್ಲ. ಇಲ್ಲಿ ಅವನ ಕೋಣೆ ಹಾಗೆಯೇ ಉಂಟು.

ಸೇಸಪ್ಪ


ಊದ್ ಮೇಥಾ
30 ನವೆಂಬರ್ 2025

ಕೀರ್ತನನ ಅಪ್ಪನಿಗೆ,

ಒಳ್ಳೆಯ ಸುದ್ದಿ. ನಾಲ್ಕನೇ ಪಂದ್ಯದಲ್ಲಿ ಅವನನ್ನು ಕರೆದರು. ಮೈಕಿನಲ್ಲಿ "ಕೀರ್ತನ್" ಅಂದಾಗ ನಾನು ಕೂತಲ್ಲೇ ಕೈ ಮುಗಿದೆ. ದಿಬ್ಬದ ಮೇಲೆ ಹೋಗಿ ನಿಂತ. ಚೆನ್ನಾಗಿ ಹಾಕಿದ. ಎಲ್ಲರೂ ಎದ್ದು ನಿಂತರು. ತಂಡ ಸೋತಿತು, ಅದು ಬೇರೆ ಮಾತು. ನಿನ್ನೆಯ ಐದನೇ ಪಂದ್ಯ ಗೆದ್ದೆವು, ಅದರಲ್ಲಿ ಅವನ ಸರದಿ ಬರಲಿಲ್ಲ.

ಬರುವ ಶುಕ್ರವಾರ ಆರನೆಯದು. ಕೋಚಿಗೆ ಇವನ ಮೇಲೆ ಒಳ್ಳೆಯ ಅಭಿಪ್ರಾಯ ಉಂಟಂತೆ. ನಿಮ್ಮ ಇಸ್ತ್ರಿ ಅಂಗಿ ತೆಗೆದಿಟ್ಟುಕೊಳ್ಳಿ.

ಚಂದ್ರಮತಿ


ಹಮ್ದಾನ್ ಸ್ಟ್ರೀಟ್
2 ಡಿಸೆಂಬರ್ 2025

ಚಂದ್ರಾ,

ಎಲ್ಲರೂ ಎದ್ದು ನಿಂತದ್ದು ಮನೆಗೆ ಹೋಗಲಿಕ್ಕೆ.

ಮೂರು ಜನರನ್ನು ಒಂದು ಪೆಟ್ಟೂ ಹೊಡೆಸದೆ ಮೊದಲ ಬೇಸಿಗೆ ಪುಕ್ಕಟೆ ನಡೆಸಿಯೇ ಕಳಿಸಿದ. ಬಾಲ್ ಒಂದೂ ಅಂಪೈರ್ ಮೆಚ್ಚುವ ಜಾಗಕ್ಕೆ ಬೀಳಲಿಲ್ಲ. ನಾಲ್ಕನೆಯವ ಬೇಲಿ ದಾಟಿಸಿದ. ಕೋಚ್ ಬಂದು ಕೈಯಿಂದ ಬಾಲ್ ಕಿತ್ತುಕೊಂಡು ಹೋಗು ಅಂದ. ನಿಮಗೆ ಹೇಗೆ ಗೊತ್ತು ಅಂತ ಕೇಳಬೇಡ. ಮೊಬೈಲಿನಲ್ಲಿ ಬರುತ್ತದೆ, ದುಡ್ಡು ಕಟ್ಟಿದರೆ ಯಾರು ಬೇಕಾದರೂ ನೋಡಬಹುದು.

ಅವನಿಗೆ ಕೈಯಲ್ಲಿ ದೋಷ ಇಲ್ಲ. ಹೆದರಿದಾಗ ಎಡಗಾಲು ಊರುವ ಮೊದಲೇ ತಲೆ ಮೇಲೆತ್ತುತ್ತಾನೆ. ಸಣ್ಣದಿರುವಾಗಲೂ ಹಾಗೆಯೇ. ನಾನು ತಲೆ ಹಿಡಿದು ನಿಲ್ಲಿಸುತ್ತಿದ್ದೆ. ಆ ಕೋಚಿಗೆ ಅದೆಲ್ಲ ಹೇಗೆ ಗೊತ್ತಾಗಬೇಕು?

ಇವತ್ತು ನ್ಯಾಷನಲ್ ಡೇ ರಜೆ. ಬಿಲ್ಡಿಂಗಿನಲ್ಲಿ ಒಂದು ನರಪಿಳ್ಳೆ ಇಲ್ಲ. ಕಪಾಟು ಸರಿಮಾಡುವಾಗ ಕೈಗೆ ಸಿಕ್ಕಿತು, ಅದಕ್ಕೆ ಕಳಿಸುತ್ತಿದ್ದೇನೆ. ಕಳೆದ ವರ್ಷ ಊರಿಗೆ ಹೋದಾಗ ನೇಮೋತ್ಸವದಲ್ಲಿ ದೈವದ ಎದುರು ನಿಂತು ಅವನ ಹೆಸರು ಹೇಳಿ ಕೇಳಿದ್ದೆ. ಗಂಧದ ಜೊತೆ ಈ ಕಪ್ಪು ನೂಲು ಕೊಟ್ಟರು. ತಾನಾಗಿ ಸವೆದು ಬೀಳುವವರೆಗೆ ತೆಗೆಯಬಾರದು. ತಂದ ವಾರವೇ ಆ ಟೂರ್ನಮೆಂಟಿನ ಗಲಾಟೆ ಆಯಿತು, ಕಪಾಟಿನಲ್ಲೇ ಉಳಿಯಿತು. ಶುಕ್ರವಾರದ ಮೊದಲು ಕಟ್ಟು. ಬಲಗೈಗೇ ಕಟ್ಟು, ಬಾಲ್ ಹಾಕುವ ಕೈ.

ನಾನು ಕಳಿಸಿದ್ದು ಅಂತ ಹೇಳಬೇಡ. ಅಪ್ಪ ಸೋತ ಅಂತ ಎಣಿಸುತ್ತಾನೆ. ಊರಿಂದ ಬಂತು ಅಂತ ಮಾತ್ರ ಹೇಳು. ನನ್ನಾಣೆ.

ಸೇಸಪ್ಪ


ಊದ್ ಮೇಥಾ
4 ಡಿಸೆಂಬರ್ 2025

ಇವರೇ,

ಕಟ್ಟಿದೆ. ನಿನ್ನೆ ಸಂಜೆ ಅವನನ್ನು ಕರೆಸಿಕೊಂಡು, ದೀಪ ಹಚ್ಚಿ, ಬಲಗೈಗೇ ಕಟ್ಟಿದೆ. ಸಣ್ಣ ಮಗುವಿನ ಹಾಗೆ ಕೈ ಚಾಚಿ ಕೂತಿದ್ದ. "ಯಾರು ಕಳ್ಸಿದ್ದಮ್ಮ?" ಅಂತ ಕೇಳಿದ. ಊರಿಂದ ಬಂತು ಅಂದೆ. ನೂಲನ್ನು ಮೊಣಕೈಯ ಕಡೆಗೆ ಒಮ್ಮೆ ಸರಿಸಿ ನೋಡಿದ. ನಿಮ್ಮ ಹೆಸರು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆಣೆ ಹಾಕಿದ್ದೀರಿ, ನುಂಗಿಕೊಂಡೆ.

ಎಡಗಾಲು ಊರುವವರೆಗೆ ತಲೆ ಎತ್ತಬೇಡ ಅಂತಲೂ ಹೇಳಿದೆ. ನನ್ನ ಮುಖ ನೋಡಿ, "ನಿಂಗೆ ಯಾರು ಹೇಳಿದ್ದು?" ಅಂದ. ನಾನೇ ನೋಡಿದ್ದು ಅಂದೆ. ನಂಬಿದನೋ ಇಲ್ಲವೋ.

ನಾಲ್ಕನೇ ಪಂದ್ಯದ ಬಗ್ಗೆ ಸುಳ್ಳು ಬರೆದದ್ದಕ್ಕೆ ಬೇಜಾರಿಲ್ಲ. ಆ ಸುಳ್ಳಿನಿಂದಲೇ ತಾನೇ ನೀವು ನೋಡುತ್ತಿದ್ದೀರಿ ಅಂತ ಗೊತ್ತಾದದ್ದು! ಇವತ್ತು ಬೆಳಿಗ್ಗೆಯಿಂದ ಒಬ್ಬಳೇ ನಗುತ್ತಿದ್ದೇನೆ. ನಿಖಿತಾ, "ಅಮ್ಮನಿಗೆ ಎಂತ ಆಗಿದೆ?" ಅಂತ ಕೇಳಿದಳು.

ಹನ್ನೆರಡನೇ ತಾರೀಕಿನ ಏಳನೇ ಪಂದ್ಯಕ್ಕೆ ಎರಡು ಟಿಕೆಟ್ ತೆಗೆಸಿದ್ದೇನೆ. ಕಂಬ ಅಡ್ಡ ಬರದ ಸೀಟು. ನನ್ನ ಬಟ್ಟೆಬರೆ ಅರ್ಧ ಕಟ್ಟಿಯೂ ಆಯಿತು.

ನಿಮ್ಮ ಚಂದ್ರ


ಹಮ್ದಾನ್ ಸ್ಟ್ರೀಟ್
6 ಡಿಸೆಂಬರ್ 2025

ಚಂದ್ರಮತಿಗೆ,

ನೋಡಿದೆ. ಎರಡು ಕಣ್ಣಿನಿಂದ ನೋಡಿದೆ.

ಕೊನೆಯ ಸರದಿಗೆ ಅವನನ್ನು ಕರೆದರು. ಒಂದೇ ರನ್ ಮುಂದೆ ಇದ್ದೇವೆ, ದೋಹಾದವರ ಬ್ಯಾಟು. ಮೊದಲ ಬಾಲ್ ಚೆನ್ನಾಗಿಯೇ ಹಾಕಿದ. ತಲೆ ಎತ್ತಲಿಲ್ಲ. ನಾನು ಇಲ್ಲಿ ಒಬ್ಬನೇ ಸೋಫಾದಿಂದ ಎದ್ದು ನಿಂತೆ. ಅಷ್ಟರಲ್ಲಿ ಅಂಪೈರ್ ದಿಬ್ಬದ ಹತ್ತಿರ ಬಂದು ಅವನ ಕೈ ತೋರಿಸಿ ಎಂತದೋ ಹೇಳಿದ. ನಿನ್ನ ಮಗ ಒಂದು ಮಾತು ಎದುರು ಆಡಲಿಲ್ಲ. ಇದು ನಮ್ಮ ದೈವದ್ದು, ತೆಗೆಯಲಿಕ್ಕೆ ಆಗುವುದಿಲ್ಲ ಅನ್ನಬೇಕಿತ್ತು. ಅನ್ನಲಿಲ್ಲ. ಕೈ ಮುಂದೆ ಹಿಡಿದ. ಯಾರೋ ಕತ್ತರಿ ತಂದರು. ಕಚಕ್ ಅಂತ ಕಡಿದರು. ನೂಲು ಮಣ್ಣಿಗೆ ಬಿತ್ತು. ದೊಡ್ಡದು ಮಾಡಿ ತೋರಿಸಿದರು ಅದನ್ನು. ಆಮೇಲೆ ಜಾಹೀರಾತು ಬಂತು.

ಜಾಹೀರಾತು ಮುಗಿದ ಮೇಲೆ ಮೂವರನ್ನು ಸಾಲಾಗಿ ಔಟ್ ಮಾಡಿದ್ದನ್ನೂ ನೋಡಿದೆ. ಗೆಳೆಯರು ಎತ್ತಿಕೊಂಡು ಕುಣಿದದ್ದನ್ನೂ ನೋಡಿದೆ. ಅಂಥ ಗೆಲುವು ಬೆಂಕಿಗೆ ಬೀಳಲಿ.

ಕೂಡಲೇ ಫೋನ್ ಮಾಡಿದೆ. ಅದು ಊರಿಂದ ಬಂದದ್ದಲ್ಲ, ನಾನು ಕಳಿಸಿದ್ದು ಅಂತ ಹೇಳಿದೆ. ಅದನ್ನು ಕಡಿದು ಮಣ್ಣಿಗೆ ಹಾಕಿದವನಿಗೆ ಅಪ್ಪ ಇಲ್ಲ ಅಂತಲೂ ಹೇಳಿದೆ. "ಅಪ್ಪ, ಒಂದು ನಿಮಿಷ ಕೇಳಿ" ಅಂದ. ಕೇಳುವುದು ಮಾಫಿ, ಇಲ್ಲವೇ ಇಲ್ಲ. ಇಟ್ಟೆ.

ಇವತ್ತು ತಂಡದ ಹೆಸರುಗಳು ಬಂದಿವೆ, ಅವನದ್ದೂ ಉಂಟು. ಉಂಟಾದರೆ ಉಂಟು. ನಾನು ಬರುವುದಿಲ್ಲ. ಖಲಾಸ್. ನೀನು ಬರುವುದಾದರೆ ಒಬ್ಬಳೇ ಬಾ.

ಸೇಸಪ್ಪ


ಊದ್ ಮೇಥಾ
13 ಡಿಸೆಂಬರ್ 2025

ಶ್ರೀ ಸೇಸಪ್ಪ ಅವರಿಗೆ,

ಒಂದು ವಾರ ಬರೆಯಲಿಲ್ಲ. ಸಿಟ್ಟು ಇಳಿದರೆ ಬಂದೀರಿ ಅಂತ ಕಾದೆ. ನಿನ್ನೆ ಪಕ್ಕದ ಸೀಟಿನ ಮೇಲೆ ನನ್ನ ಬ್ಯಾಗ್ ಇಟ್ಟುಕೊಂಡು ಕೂತಿದ್ದೆ. "ಮೇಡಂ, ಸರ್ ಕಮಿಂಗ್?" ಅಂತ ಆ ಫಿಲಿಪೀನಿ ಹೆಂಗಸು ಕೇಳಿದಳು. ಕಮಿಂಗ್ ಅಂದೆ. ಅರ್ಧ ಆಟ ಆದ ಮೇಲೆ ಇನ್ನೊಂದು ಸಲ ಕೇಳಿದಳು. ಬ್ಯಾಗನ್ನು ಮಡಿಲಿಗೆ ಎತ್ತಿಕೊಂಡು ಅವಳ ಮಗಳಿಗೆ ಸೀಟು ಬಿಟ್ಟುಕೊಟ್ಟೆ.

ಈಗ ನೂಲಿನ ವಿಷಯ. ಈ ಆಟದಲ್ಲಿ ಬಾಲ್ ಬಿಸಾಡುವವನ ಮಣಿಕಟ್ಟಿನಲ್ಲಿ ಏನೂ ಇರಬಾರದು. ಬ್ಯಾಟಿನವನ ಕಣ್ಣು ಬಾಲ್ ಬಿಟ್ಟು ಅದರ ಮೇಲೆ ಹೋಗುತ್ತದಂತೆ. ಅದು ನಿಯಮ. ನಮ್ಮ ಹುಡುಗರು ಕ್ರಿಕೆಟಿನಲ್ಲಿ ಕೈತುಂಬ ನೂಲು ಕಟ್ಟಿಕೊಂಡೇ ಬಾಲ್ ಹಾಕುತ್ತಾರೆ, ಯಾರು ಕೇಳುತ್ತಾರೆ? ಹಾಗಾಗಿ ನಿಮಗೂ ತೋಚಲಿಲ್ಲ, ನನಗೂ ತೋಚಲಿಲ್ಲ. ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಕಟ್ಟುವಾಗ ಬೇಡ ಅನ್ನಲಿಲ್ಲ. ನನಗೆ ಬೇಜಾರಾದೀತು ಅಂತ ನೂಲನ್ನು ಮೇಲಕ್ಕೆ ಸರಿಸಿ ಅಂಗಿಯ ತೋಳಿನೊಳಗೆ ಅಡಗಿಸಿಕೊಂಡು ಮೈದಾನಕ್ಕೆ ಇಳಿದ. ಮೊದಲ ಬಾಲಿಗೇ ಅದು ಜಾರಿ ಕೆಳಗೆ ಬಂತು. ದೋಹಾದ ಕೋಚ್ ಬೆರಳು ತೋರಿಸಿದ.

ಯಾಕೆ ಎದುರಾಡಲಿಲ್ಲ ಅಂತ ಕೇಳುತ್ತೀರಾ? ನಾನೂ ಕೇಳಿದೆ. "ಅಂಪೈರ್ ಹೇಳಿದ ಮೇಲೆ ಮಾತಿಲ್ಲ ಅಲ್ವಾ ಅಮ್ಮ" ಅಂದ. ಕಾರ್ನಿಶ್‌ನ ಹುಲ್ಲಿನಲ್ಲಿ ಯಾರು ಕಲಿಸಿದ್ದು ಅಂತ ನಿಮ್ಮ ಕಾಗದದಲ್ಲೇ ಉಂಟು, ತೆಗೆದು ತೋರಿಸಲಾ?

ನಿಮಗೆ ಜಾಹೀರಾತು ಬಂತು. ನಾನು ಅಲ್ಲಿದ್ದೆ. ನಿಮಗೆ ಸಾಬೂನು ತೋರಿಸುತ್ತಿದ್ದ ಹೊತ್ತಿನಲ್ಲಿ ಅವನು ಬಗ್ಗಿ, ಮಣ್ಣಿನಲ್ಲಿ ಬೆರಳಾಡಿಸಿ, ಎರಡು ತುಂಡನ್ನೂ ಹುಡುಕಿ ತೆಗೆದ. ಆಟ ನಿಂತಿತ್ತು, ಎಲ್ಲರೂ ಕಾಯುತ್ತಿದ್ದರು, ಅಂಪೈರ್ ಬೇಗ ಬೇಗ ಅನ್ನುತ್ತಿದ್ದ. ಅವನು ನೂಲನ್ನು ಕಣ್ಣಿಗೆ ಒತ್ತಿಕೊಂಡು ಟೋಪಿಯೊಳಗೆ ಇಟ್ಟ. ಆಮೇಲೆಯೇ ಬಾಲ್ ಕೈಗೆ ತೆಗೆದುಕೊಂಡದ್ದು. ಪಂದ್ಯ ಮುಗಿದ ಮೇಲೆ ಓಡಿ ಬಂದು, "ದೈವದ್ದು, ಜಾಗ್ರತೆ ಇಡು" ಅಂತ ನನ್ನ ಕೈಗೆ ಕೊಟ್ಟ. ನಗುತ್ತಿದ್ದ. ಅಷ್ಟು ಚಂದ ನಕ್ಕದ್ದನ್ನು ಎಷ್ಟೋ ಕಾಲದಿಂದ ನೋಡಿರಲಿಲ್ಲ. ಆಗಲೇ ಅವನ ಫೋನ್ ಹೊಡೆಯಿತು. ನಿಮ್ಮ ಹೆಸರು ನೋಡಿ, "ಅಮ್ಮ, ಅಪ್ಪ!" ಅಂದ. ಮ್ಯಾಚ್ ನೋಡಿ ಮಾಡಿದ್ದಾರೆ ಅಂತ ಎಣಿಸಿದ. ನಾನೂ ಹಾಗೆಯೇ ಎಣಿಸಿದೆ. ಅವನು ಫೋನನ್ನು ಕಿವಿಗೆ ಹಿಡಿದು ನಿಂತದ್ದು, ನಗು ಇಳಿಯುತ್ತಾ ಹೋದದ್ದು, ಎಲ್ಲವನ್ನೂ ನಾನು ಒಂದು ಮಾರು ದೂರದಲ್ಲಿ ನಿಂತು ನೋಡಿದೆ.

ಭಾನುವಾರ ಇಲ್ಲಿಗೆ ಬಂದ. ದೇವರ ಹಲಗೆಯಿಂದ ನೂಲು ತೆಗೆದು ನನ್ನ ಎದುರು ಇಟ್ಟ. "ಅಪ್ಪನದ್ದು ಅಂತ ಮೊದ್ಲೇ ಹೇಳ್ಬೇಕಿತ್ತು ಅಮ್ಮ. ನಾನು ಕೈಯೇ ಕೊಡ್ತಿರ್ಲಿಲ್ಲ. ಇದನ್ನು ಅವರಿಗೇ ವಾಪಸ್ ಕಳ್ಸು" ಅಂದ. ಸಿಟ್ಟಿನಲ್ಲಿ ಹೇಳಿದ್ದರೆ ಬೈದು ಕೂರಿಸುತ್ತಿದ್ದೆ. ಸಿಟ್ಟು ಇರಲಿಲ್ಲ. ನಿಮ್ಮ ಮುದೀರ್ ಹತ್ತಿರ ಹೇಳಿಬಿಡಿ, ಆ ಕುರ್ಚಿ ಬೇರೆ ಯಾರಿಗಾದರೂ ಆಗಲಿ.

ಒಪ್ಪಂದದಲ್ಲಿ ಗೆದ್ದದ್ದು ನಾವು. ಮಾತು ಕೊಟ್ಟು ತಪ್ಪುವವ ನಾನಲ್ಲ ಅಂತ ಬರೆದಿದ್ದಿರಿ. ನಾನು ಕಟ್ಟಿದ ಬಟ್ಟೆಯನ್ನು ಬಿಚ್ಚಿ ಮತ್ತೆ ಇಲ್ಲಿನ ಕಪಾಟಿನಲ್ಲೇ ಇಟ್ಟಿದ್ದೇನೆ. ಇನ್ನು ನೀವು ಬಂದು ಕರೆದರೂ ಬರುವುದಿಲ್ಲ. ಶುಕೂರನ ಕೈಯಲ್ಲಿ ಇನ್ನು ಕಾಗದವೂ ಬೇಡ, ನಾನು ತೆಗೆದುಕೊಳ್ಳುವುದಿಲ್ಲ ಅಂತ ಅವನಿಗೆ ಹೇಳಿ ಆಗಿದೆ.

ನೂಲು ಈ ಲಕೋಟೆಯಲ್ಲೇ ಉಂಟು, ಎರಡು ತುಂಡು. ತೆರೆಯುವಾಗ ಜಾಗ್ರತೆ, ನೆಲಕ್ಕೆ ಬೀಳಿಸಬೇಡಿ. ಅವನು ಬಿದ್ದಲ್ಲಿ ಬಿಡಲಿಲ್ಲ.

ಚಂದ್ರಮತಿ